ರೆಕ್ಕೆಯನ್ನು ನಂಬದ ವೇಗದ ಸರದಾರ ಯೋಖೆನ್ ರಿಂಟ್

ಫಾರ್ಮುಲಾ ಒನ್ ಕಾರು ಓಟದ ಇತಿಹಾಸದಲ್ಲಿ ಮರಣಾನಂತರ ವಿಶ್ವ ಚಾಂಪಿಯನ್ ಪಟ್ಟ ಪಡೆದ ಚಾಲಕ ಒಬ್ಬರೇ. ಅವರು ಆಸ್ಟ್ರಿಯಾದ ಪರವಾಗಿ ಸ್ಪರ್ಧಿಸುತ್ತಿದ್ದ ಯೋಖೆನ್ ರಿಂಟ್. 1970ರ ಸೆಪ್ಟೆಂಬರ್ 5ರಂದು ಇಟಲಿಯ ಮೊನ್ಜಾ ಪಥದಲ್ಲಿ ಅಭ್ಯಾಸ ನಡೆಸುತ್ತಿದ್ದಾಗ ಸಂಭವಿಸಿದ ಅಪಘಾತದಲ್ಲಿ ಅವರು ಅಸುನೀಗಿದರು. ಆಗ ಅವರ ವಯಸ್ಸು ಕೇವಲ 28. ಅಂದು ಅವರ ಕಾರಿಗೆ ರೆಕ್ಕೆಗಳಿರಲಿಲ್ಲ. ನೇರ ಹಾದಿಯಲ್ಲಿ ಇನ್ನಷ್ಟು ವೇಗ ದೊರೆಯಲೆಂದು ಅವುಗಳನ್ನು ಬಿಚ್ಚಿ ಇಡಲಾಗಿತ್ತು. ಅದಕ್ಕೂ 16 ತಿಂಗಳ ಹಿಂದೆ ಸ್ಪೇನಿನ ಬಾರ್ಸಿಲೋನಾದಲ್ಲಿ ಇದೇ ರಿಂಟ್ ಅವರ ಕಾರಿನ ರೆಕ್ಕೆ ಓಟದ ನಡುವೆಯೇ ಮುರಿದು ಬಿದ್ದು, ಅವರು ಕೂದಲೆಳೆಯಲ್ಲಿ ಪಾರಾಗಿದ್ದರು.

ರೇಸ್ ಕಾರಿಗೆ ರೆಕ್ಕೆ ಬೇಕೇ, ಬೇಡವೇ? ಬೇಕಾದರೆ ಅದು ಎಷ್ಟು ಎತ್ತರದಲ್ಲಿರಬೇಕು? ಓಡುವಾಗ ಅದರ ಕೋನವನ್ನು ಬದಲಿಸುವ ಅಧಿಕಾರ ಚಾಲಕನಿಗೆ ಇರಬೇಕೇ? 1960ರ ದಶಕದ ಕೊನೆಯಲ್ಲಿ ಎಂಜಿನಿಯರುಗಳನ್ನೂ ಚಾಲಕರನ್ನೂ ಕಾಡಿದ ಈ ಪ್ರಶ್ನೆಗಳು ರಿಂಟ್ ಅವರ ಬದುಕಿನಲ್ಲಿ ಹಾಸುಹೊಕ್ಕಾಗಿದ್ದವು. ಕಾರು ಓಟ ಇಂದು ಪಾಲಿಸುತ್ತಿರುವ ಕೆಲವು ನಿಯಮಗಳ ಹಿಂದೆ ಅವರ ನೋವಿದೆ, ಅವರ ಪ್ರತಿಭಟನೆಯೂ ಇದೆ.

ಯುದ್ಧದ ಅನಾಥ

ಕಾರ್ಲ್ ಯೋಖೆನ್ ರಿಂಟ್ ಜನಿಸಿದ್ದು 1942ರ ಏಪ್ರಿಲ್ 18ರಂದು, ಜರ್ಮನಿಯ ಮೈಂಟ್ಸ್ ನಗರದಲ್ಲಿ. ತಂದೆ ಜರ್ಮನ್, ಅಲ್ಲಿನ ಮಸಾಲೆ ಪದಾರ್ಥಗಳ ಗಿರಣಿಯೊಂದರ ಒಡೆಯ. ತಾಯಿ ಆಸ್ಟ್ರಿಯಾದ ಗ್ರಾಜ್ ಪಟ್ಟಣದವರು. ಎರಡನೇ ಮಹಾಯುದ್ಧ ಉಗ್ರ ರೂಪ ತಾಳಿದ್ದ ಕಾಲವದು. 1943ರ ಜುಲೈನಲ್ಲಿ ಹ್ಯಾಂಬರ್ಗ್ ಮೇಲೆ ನಡೆದ ಭೀಕರ ಬಾಂಬ್ ದಾಳಿಯಲ್ಲಿ ತಂದೆ ತಾಯಿ ಇಬ್ಬರೂ ಮಡಿದರು. ಆಗ ಮಗುವಿಗೆ ಹದಿನೈದು ತಿಂಗಳು. ಗ್ರಾಜ್‌ನಲ್ಲಿದ್ದ ತಾಯಿಯ ತಂದೆ ತಾಯಿ ಮೊಮ್ಮಗನನ್ನು ಕರೆತಂದು ಸಾಕಿದರು. ಅಜ್ಜ ವಕೀಲರು. ಮನೆಯಲ್ಲಿ ಯಾವುದಕ್ಕೂ ಕೊರತೆ ಇರಲಿಲ್ಲ. ರಿಂಟ್ ಕೊನೆಯವರೆಗೂ ಜರ್ಮನ್ ಪೌರತ್ವವನ್ನೇ ಉಳಿಸಿಕೊಂಡರು. ಆದರೆ ಬೆಳೆದದ್ದು ಆಸ್ಟ್ರಿಯಾದಲ್ಲಿ, ಓಡಿದ್ದು ಆಸ್ಟ್ರಿಯಾದ ಪರವಾನಗಿಯಲ್ಲಿ.

ಹುಡುಗ ಪುಂಡನೆಂದು ಹೆಸರು ಪಡೆದ. ಶಾಲೆಗಳು ಅವನನ್ನು ಹೊರಹಾಕಿದವು. ಹಿಮದ ಇಳಿಜಾರಿನಲ್ಲಿ ಜಾರುತ್ತ ಕಾಲು ಮುರಿದುಕೊಂಡ, ಮೊಪೆಡ್ ಏರಿ ಗೆಳೆಯರೊಂದಿಗೆ ಪಂದ್ಯ ಕಟ್ಟಿದ. ಆ ಗೆಳೆಯರಲ್ಲಿ ಒಬ್ಬ ಹೆಲ್ಮುಟ್ ಮಾರ್ಕೊ. ಮುಂದೆ 1971ರ ಲ ಮಾನ್ 24 ತಾಸಿನ ಓಟ ಗೆದ್ದವರು ಇವರೇ. ಇಂಗ್ಲಿಷ್ ಕಲಿಯಲೆಂದು ಮನೆಯವರು ಇಂಗ್ಲೆಂಡಿಗೆ ಕಳುಹಿಸಿದಾಗ ಗುಡ್‌ವುಡ್ ಪಥದ ಕಾರು ಓಟದ ರುಚಿ ಹತ್ತಿತು. 1961ರಲ್ಲಿ ಸಿಮ್ಕಾ ಕಾರಿನೊಂದಿಗೆ ಸ್ಪರ್ಧೆಗಿಳಿದ ರಿಂಟ್, ಎರಡೇ ವರ್ಷಗಳಲ್ಲಿ ಫಾರ್ಮುಲಾ ಜೂನಿಯರ್ ಹಂತ ತಲುಪಿದರು.

1964ರಲ್ಲಿ ಅವರು ಸ್ವಂತ ಹಣದಿಂದ ಫಾರ್ಮುಲಾ ಟು ದರ್ಜೆಯ ಬ್ರಾಬಮ್ ಕಾರು ಕೊಂಡರು. ಅದೇ ವರ್ಷದ ಮೇ ತಿಂಗಳಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ ಪಥದಲ್ಲಿ ನಡೆದ ಓಟದಲ್ಲಿ, 1962ರ ವಿಶ್ವ ಚಾಂಪಿಯನ್ ಗ್ರಹಾಂ ಹಿಲ್ ಅವರನ್ನು ಹಿಂದಿಕ್ಕಿ ಗೆದ್ದರು. ಬ್ರಿಟನ್ನಿನಲ್ಲಿ ಅದುವರೆಗೆ ಹೆಚ್ಚಿನವರಿಗೆ ಅವರ ಹೆಸರೇ ಗೊತ್ತಿರಲಿಲ್ಲ. ಬೆಳಗಾಗುವುದರೊಳಗೆ ರಿಂಟ್ ಮನೆಮಾತಾದರು. ಅದೇ ಬೇಸಿಗೆಯಲ್ಲಿ ಆಸ್ಟ್ರಿಯಾದ ಝೆಲ್ಟ್‌ವೆಗ್‌ನಲ್ಲಿ ಅವರ ಮೊದಲ ಫಾರ್ಮುಲಾ ಒನ್ ಓಟವೂ ನಡೆಯಿತು.

ಗೆಲುವಿಲ್ಲದ ವರ್ಷಗಳು

1965ರಲ್ಲಿ ರಿಂಟ್ ಕೂಪರ್ ತಂಡ ಸೇರಿದರು. ಅದೇ ವರ್ಷ ಅಮೆರಿಕದ ಮಾಸ್ಟನ್ ಗ್ರೆಗರಿ ಅವರೊಂದಿಗೆ ಫೆರಾರಿ ಕಾರಿನಲ್ಲಿ ಲ ಮಾನ್ 24 ತಾಸಿನ ಓಟ ಗೆದ್ದರು. ಆ ಬಳಿಕ ಫೆರಾರಿ ಕಾರೊಂದು ಲ ಮಾನ್‌ನಲ್ಲಿ ಅಗ್ರಸ್ಥಾನ ಪಡೆಯಲು 2023ರವರೆಗೆ ಕಾಯಬೇಕಾಯಿತು ಎಂಬುದು ಆ ಗೆಲುವಿನ ತೂಕವನ್ನು ಹೇಳುತ್ತದೆ.

ಫಾರ್ಮುಲಾ ಒನ್‌ನಲ್ಲಿ ಮಾತ್ರ ಅದೃಷ್ಟ ಒಲಿಯಲಿಲ್ಲ. 1966ರಲ್ಲಿ ಭಾರವಾದ ಕೂಪರ್ ಮಸೆರಾಟಿ ಕಾರಿನಲ್ಲೇ ಹೋರಾಡಿ ಚಾಂಪಿಯನ್‌ಷಿಪ್ ಪಟ್ಟಿಯಲ್ಲಿ ಮೂರನೇ ಸ್ಥಾನಕ್ಕೇರಿದರೂ ಒಂದೂ ಗೆಲುವು ದಕ್ಕಲಿಲ್ಲ. ಫಾರ್ಮುಲಾ ಟು ಓಟಗಳಲ್ಲಿ ಅವರನ್ನು ಸೋಲಿಸುವವರು ವಿರಳವಾಗಿದ್ದರು. ಕಾರು ಸರಿಯಿದ್ದರೆ ರಿಂಟ್ ಎಷ್ಟು ವೇಗವಾಗಿ ಓಡಬಲ್ಲರು ಎಂಬುದಕ್ಕೆ ಅದೇ ಸಾಕ್ಷಿಯಾಗಿತ್ತು. 1967ರಲ್ಲಿ ಫಿನ್ಲೆಂಡಿನ ರೂಪದರ್ಶಿ ನೀನಾ ಲಿಂಕನ್ ಅವರನ್ನು ವಿವಾಹವಾದರು. ನೀನಾ ಅವರ ತಂದೆ ಕರ್ಟ್ ಲಿಂಕನ್ ಕೂಡ ಕಾರು ಓಟಗಾರರೇ. ಮರುವರ್ಷ ಮಗಳು ನತಾಶಾ ಜನಿಸಿದಳು.

1968ರಲ್ಲಿ ರಿಂಟ್ ಬ್ರಾಬಮ್ ತಂಡಕ್ಕೆ ಬಂದರು. ಹೊಸ ಎಂಜಿನ್ ಪದೇ ಪದೇ ಕೈಕೊಟ್ಟಿತು. ದಕ್ಷಿಣ ಆಫ್ರಿಕಾ ಮತ್ತು ಜರ್ಮನಿಯಲ್ಲಿ ದೊರೆತ ಎರಡು ಮೂರನೇ ಸ್ಥಾನಗಳೇ ವರ್ಷದ ಗಳಿಕೆ. ಆದರೆ ಅದೇ ವರ್ಷ ಫಾರ್ಮುಲಾ ಒನ್ ಕಾರುಗಳ ಬೆನ್ನ ಮೇಲೆ ಒಂದು ಹೊಸ ವಸ್ತು ಕಾಣಿಸಿಕೊಂಡಿತು. ಅದುವೇ ರೆಕ್ಕೆ.

ರೆಕ್ಕೆಯ ಲಾಭ, ರೆಕ್ಕೆಯ ತೆರಿಗೆ

ವಿಮಾನದ ರೆಕ್ಕೆ ಗಾಳಿಯ ನೆರವಿನಿಂದ ವಿಮಾನವನ್ನು ಮೇಲಕ್ಕೆತ್ತುತ್ತದೆ. ಅದೇ ರೆಕ್ಕೆಯನ್ನು ತಲೆಕೆಳಗು ಮಾಡಿ ಕಾರಿಗೆ ಕೂರಿಸಿದರೆ ಅದು ಕಾರನ್ನು ನೆಲದತ್ತ ಒತ್ತುತ್ತದೆ. ಒತ್ತಿದಷ್ಟೂ ಟೈರುಗಳಿಗೆ ರಸ್ತೆಯ ಮೇಲೆ ಹಿಡಿತ ಹೆಚ್ಚು. ಹಿಡಿತ ಹೆಚ್ಚಿದಷ್ಟೂ ತಿರುವಿನಲ್ಲಿ ವೇಗ ಹೆಚ್ಚು. ಕಾರಿನ ತೂಕ ಹೆಚ್ಚಿಸದೆಯೇ ಚಕ್ರಗಳ ಮೇಲಿನ ಭಾರವನ್ನು ಹೆಚ್ಚಿಸುವ ಜಾಣ್ಮೆ ಇದು.

ಆದರೆ ಗಾಳಿ ಏನನ್ನೂ ಪುಕ್ಕಟೆ ಕೊಡುವುದಿಲ್ಲ. ರೆಕ್ಕೆಯನ್ನು ಹೆಚ್ಚು ಓರೆಯಾಗಿ ನಿಲ್ಲಿಸಿದಷ್ಟೂ ಅದು ಕಾರನ್ನು ಹಿಂದಕ್ಕೂ ಎಳೆಯುತ್ತದೆ. ಈ ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ವೇಗ ಇಮ್ಮಡಿಯಾದರೆ ತಡೆ ನಾಲ್ಕು ಪಟ್ಟಾಗುತ್ತದೆ, ಅದನ್ನು ಮೀರಿ ಓಡಲು ಬೇಕಾದ ಎಂಜಿನ್ ಶಕ್ತಿ ಎಂಟು ಪಟ್ಟಾಗುತ್ತದೆ. ಹೀಗಾಗಿ ಎಂಜಿನ್ನಿನ ಬಲವನ್ನಷ್ಟೇ ಹೆಚ್ಚಿಸಿ ಗರಿಷ್ಠ ವೇಗ ಪಡೆಯುವುದು ಬಲು ದುಬಾರಿ. ಗಾಳಿಯ ತಡೆಯನ್ನು ತಗ್ಗಿಸುವುದು ಅದಕ್ಕಿಂತ ಸುಲಭ. ಗಂಟೆಗೆ 300 ಕಿ.ಮೀ. ವೇಗದಲ್ಲಿ ಓಡಬಲ್ಲ ಕಾರಿನ ಗಾಳಿ ತಡೆಯನ್ನು ಶೇಕಡ 10ರಷ್ಟು ತಗ್ಗಿಸಿದರೆ, ಅದೇ ಎಂಜಿನ್ನಿನಲ್ಲಿ ಗರಿಷ್ಠ ವೇಗ ಸುಮಾರು 10 ಕಿ.ಮೀ. ಏರುತ್ತದೆ.

ತಿರುವಿನಲ್ಲಿ ರೆಕ್ಕೆ ಓರೆಯಾಗಿರಬೇಕು, ನೇರ ಹಾದಿಯಲ್ಲಿ ಚಪ್ಪಟೆಯಾಗಿರಬೇಕು. ಹಾಗಾದರೆ ಓಡುವಾಗಲೇ ಅದರ ಕೋನ ಬದಲಿಸಿದರೆ ಹೇಗೆ? ಈ ಆಲೋಚನೆ ರಿಂಟ್ ಫಾರ್ಮುಲಾ ಒನ್ ಪ್ರವೇಶಿಸುವ ಮೊದಲೇ ಹುಟ್ಟಿತ್ತು. 1956ರಲ್ಲಿ ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಮೈಕೆಲ್ ಮೇ ತಮ್ಮ ಪೋರ್ಷೆ ಕಾರಿನ ಮೇಲೆ ಕೋನ ಬದಲಿಸಬಲ್ಲ ರೆಕ್ಕೆ ಅಳವಡಿಸಿ ಜರ್ಮನಿಯ ನೂರ್‌ಬರ್ಗ್‌ರಿಂಗ್‌ಗೆ ತಂದಿದ್ದರು. ಸಂಘಟಕರು ಅದನ್ನು ಓಟದಲ್ಲಿ ಬಳಸಲು ಬಿಡಲಿಲ್ಲ. ಹತ್ತು ವರ್ಷಗಳ ಬಳಿಕ ಅಮೆರಿಕದ ಟೆಕ್ಸಾಸ್‌ನ ಜಿಮ್ ಹಾಲ್ ತಮ್ಮ ಚಾಪರಲ್ 2ಇ ಕಾರಿನಲ್ಲಿ ಎತ್ತರದ ರೆಕ್ಕೆಯನ್ನು ಯಶಸ್ವಿಯಾಗಿ ಬಳಸಿದರು. ಆ ಕಾರಿಗೆ ಕ್ಲಚ್ ಪೆಡಲ್ ಇರಲಿಲ್ಲ. ಬಿಡುವಾಗಿದ್ದ ಎಡಗಾಲಿನಿಂದ ಚಾಲಕ ಪೆಡಲ್ ಒತ್ತಿದರೆ ರೆಕ್ಕೆ ಚಪ್ಪಟೆಯಾಗುತ್ತಿತ್ತು, ಬಿಟ್ಟರೆ ಮತ್ತೆ ಓರೆಯಾಗುತ್ತಿತ್ತು. 1966ರಲ್ಲಿ ಕ್ಯಾಲಿಫೋರ್ನಿಯಾದ ಲಗುನಾ ಸೆಕಾ ಪಥದಲ್ಲಿ ಚಾಪರಲ್ ಕಾರುಗಳು ಮೊದಲೆರಡು ಸ್ಥಾನ ಪಡೆದಾಗ ಯುರೋಪಿನ ವಿನ್ಯಾಸಕಾರರ ಕಣ್ಣು ತೆರೆಯಿತು.

1968ರ ಜೂನ್‌ನಲ್ಲಿ ಬೆಲ್ಜಿಯಂನ ಸ್ಪಾ ಪಥಕ್ಕೆ ಫೆರಾರಿ ಮತ್ತು ರಿಂಟ್ ಅವರಿದ್ದ ಬ್ರಾಬಮ್ ತಂಡಗಳು ರೆಕ್ಕೆ ತೊಟ್ಟ ಕಾರುಗಳನ್ನು ತಂದವು. ಕೆಲವೇ ವಾರಗಳಲ್ಲಿ ಲೋಟಸ್ ತಂಡದ ಒಡೆಯ ಕಾಲಿನ್ ಚಾಪ್‌ಮನ್ ಇನ್ನೂ ಎತ್ತರದ ರೆಕ್ಕೆ ಕಟ್ಟಿದರು. ಉದ್ದನೆಯ ಸಣಕಲು ಕಂಬಗಳ ಮೇಲೆ ನಿಂತ ಆ ರೆಕ್ಕೆ ಕಾರಿನ ಒಡಲಿನ ಮೇಲಲ್ಲದೆ ನೇರವಾಗಿ ಹಿಂಬದಿ ಚಕ್ರಗಳ ಜೋಡಣೆಯ ಮೇಲೆಯೇ ಭಾರ ಹೇರುತ್ತಿತ್ತು. ಸ್ಪ್ರಿಂಗುಗಳು ಕುಗ್ಗದೆ ಒತ್ತಡವೆಲ್ಲ ಟೈರಿಗೇ ಸಿಗಲೆಂಬುದು ಅದರ ಉದ್ದೇಶ. ಅದೇ ವರ್ಷದ ನವೆಂಬರಿನಲ್ಲಿ ಮೆಕ್ಸಿಕೊದಲ್ಲಿ ನಡೆದ ಋತುವಿನ ಕೊನೆಯ ಓಟಕ್ಕೆ ಲೋಟಸ್ ಕಾರಿನಲ್ಲಿ ನಾಲ್ಕನೆಯ ಪೆಡಲ್ ಕಾಣಿಸಿಕೊಂಡಿತು. ನೇರ ಹಾದಿಯಲ್ಲಿ ಗ್ರಹಾಂ ಹಿಲ್ ಅದನ್ನು ಒತ್ತಿ ರೆಕ್ಕೆಯನ್ನು ಚಪ್ಪಟೆ ಮಾಡುತ್ತಿದ್ದರು. ಓಟವನ್ನೂ ವಿಶ್ವ ಚಾಂಪಿಯನ್ ಪಟ್ಟವನ್ನೂ ಅವರು ಅಂದೇ ಗೆದ್ದರು. ಮರುವರ್ಷ ರಿಂಟ್ ಸೇರಿದ್ದು ಇದೇ ಲೋಟಸ್ ತಂಡವನ್ನು.

ಬಾರ್ಸಿಲೋನಾದ ಪಾಠ

ಲೋಟಸ್ ಕಾರುಗಳು ವೇಗಕ್ಕೆ ಹೆಸರಾಗಿದ್ದಂತೆಯೇ ಮುರಿಯುವುದಕ್ಕೂ ಹೆಸರಾಗಿದ್ದವು. ಅಗತ್ಯಕ್ಕಿಂತ ಒಂದು ಗುಲಗಂಜಿಯಷ್ಟೂ ಹೆಚ್ಚು ತೂಕ ಇರಬಾರದೆಂಬುದು ಚಾಪ್‌ಮನ್ ಅವರ ವಿನ್ಯಾಸ ಧರ್ಮ. ರಿಂಟ್ ಅವರಿಗೆ ಇದು ತಿಳಿಯದ ಸಂಗತಿಯಲ್ಲ. ಅವರ ವ್ಯವಹಾರಗಳನ್ನು ನೋಡಿಕೊಳ್ಳುತ್ತಿದ್ದ ಬರ್ನಿ ಎಕಲ್‌ಸ್ಟನ್ ಅವರೊಂದಿಗೆ ಚರ್ಚಿಸಿದಾಗ, ಬ್ರಾಬಮ್‌ನಲ್ಲಿ ಸುರಕ್ಷತೆ ಹೆಚ್ಚು, ಲೋಟಸ್‌ನಲ್ಲಿ ಚಾಂಪಿಯನ್ ಆಗುವ ಅವಕಾಶ ಹೆಚ್ಚು ಎಂಬ ಲೆಕ್ಕ ಸ್ಪಷ್ಟವಾಗಿಯೇ ಇತ್ತು. ರಿಂಟ್ ಎರಡನೆಯದನ್ನು ಆಯ್ದುಕೊಂಡರು.

1969ರ ಮೇ 4ರಂದು ಬಾರ್ಸಿಲೋನಾದ ಮಾಂಟ್‌ಜುಯಿಕ್ ಬೆಟ್ಟದ ಬೀದಿಗಳಲ್ಲಿ ಸ್ಪೇನ್ ಗ್ರ್ಯಾನ್ ಪ್ರಿ ನಡೆಯಿತು. ಅರ್ಹತಾ ಸುತ್ತಿನಲ್ಲಿ ಎಲ್ಲರಿಗಿಂತ ವೇಗವಾಗಿದ್ದ ರಿಂಟ್ ಓಟದಲ್ಲೂ ಮುನ್ನಡೆ ಸಾಧಿಸಿದರು. ಆ ಪಥದಲ್ಲಿ ಕಾರು ಕ್ಷಣಕಾಲ ನೆಲ ಬಿಟ್ಟೇಳುವಂಥ ಉಬ್ಬೊಂದಿತ್ತು. ಒಂಬತ್ತನೆಯ ಸುತ್ತಿನಲ್ಲಿ ಅಲ್ಲಿ ಹಿಲ್ ಅವರ ಲೋಟಸ್ ಕಾರಿನ ರೆಕ್ಕೆ ಕುಸಿಯಿತು. ಕಾರು ತಡೆಬೇಲಿಗೆ ಬಡಿದು ಜಖಂಗೊಂಡರೂ ಹಿಲ್ ಗಾಯವಿಲ್ಲದೆ ಹೊರಬಂದರು. 20ನೆಯ ಸುತ್ತಿನಲ್ಲಿ ಅಲ್ಲಿಯೇ ರಿಂಟ್ ಅವರ ರೆಕ್ಕೆಯೂ ಮಡಚಿ ಮುರಿಯಿತು. ಹಿಡಿತ ತಪ್ಪಿದ ಕಾರು ಬೇಲಿಗೆ ಅಪ್ಪಳಿಸಿ, ಅಲ್ಲೇ ನಿಂತಿದ್ದ ಹಿಲ್ ಅವರ ಕಾರಿಗೂ ಬಡಿದು ಮಗುಚಿತು. ರಿಂಟ್ ಅವರ ಮುಖದ ಮೂಳೆ ಮುರಿಯಿತು, ತಲೆಗೆ ಪೆಟ್ಟಾಯಿತು. ಜೀವ ಉಳಿದದ್ದೇ ದೊಡ್ಡದು.

ಕಾರಣ ನಿಗೂಢವಾಗಿರಲಿಲ್ಲ. ರೆಕ್ಕೆ ಹೇರುವ ನೂರಾರು ಕಿಲೊ ಭಾರವನ್ನು ಹೊರಬೇಕಾಗಿದ್ದವು ತೆಳ್ಳನೆಯ ಕಂಬಗಳು. ಉಬ್ಬಿನ ಮೇಲೆ ಚಕ್ರಗಳು ಏರಿಳಿದಾಗ ಆ ಕಂಬಗಳ ಮೇಲಿನ ಒತ್ತಡ ದಿಢೀರನೆ ಬದಲಾಗುತ್ತಿತ್ತು. ರೆಕ್ಕೆ ಮುರಿದ ಕ್ಷಣವೇ ಅದು ಕೊಡುತ್ತಿದ್ದ ಹಿಡಿತವೂ ಮಾಯವಾಗುತ್ತಿತ್ತು. ರೆಕ್ಕೆಯನ್ನು ನಂಬಿ ತಿರುವಿಗೆ ನುಗ್ಗಿದ ಚಾಲಕನಿಗೆ ಅದಿಲ್ಲದೆ ತಿರುವು ದಾಟುವ ದಾರಿಯೇ ಇರುತ್ತಿರಲಿಲ್ಲ.

ಹಾಸಿಗೆಯಲ್ಲಿದ್ದಾಗಲೇ ರಿಂಟ್ ಬಹಿರಂಗ ಪತ್ರವೊಂದನ್ನು ಬರೆದು ರೆಕ್ಕೆಗಳನ್ನು ನಿಷೇಧಿಸಬೇಕೆಂದು ಒತ್ತಾಯಿಸಿದರು. ರೆಕ್ಕೆಗಳು ಚಾಲಕನಿಗಷ್ಟೇ ಅಲ್ಲ, ಪ್ರೇಕ್ಷಕರಿಗೂ ಅಪಾಯಕಾರಿ ಎಂಬುದು ಅವರ ವಾದವಾಗಿತ್ತು. ತಾನು ಓಡಿಸುವ ಕಾರಿನ ವಿನ್ಯಾಸವನ್ನೇ ಚಾಲಕನೊಬ್ಬ ಸಾರ್ವಜನಿಕವಾಗಿ ಪ್ರಶ್ನಿಸಿದ್ದು ಚಾಪ್‌ಮನ್ ಅವರಿಗೆ ಹಿಡಿಸಲಿಲ್ಲ. ಆದರೆ ಕ್ರೀಡೆಯ ಆಡಳಿತ ಮಂಡಳಿ ತಡಮಾಡಲಿಲ್ಲ. ಎರಡೇ ವಾರಗಳಲ್ಲಿ ಮೊನಾಕೊ ಗ್ರ್ಯಾನ್ ಪ್ರಿಯ ಮೊದಲ ದಿನದ ಅಭ್ಯಾಸ ಮುಗಿಯುತ್ತಿದ್ದಂತೆ ರೆಕ್ಕೆಗಳನ್ನು ನಿಷೇಧಿಸಲಾಯಿತು. ಗಾಯದಿಂದ ಚೇತರಿಸಿಕೊಳ್ಳುತ್ತಿದ್ದ ರಿಂಟ್ ಆ ಓಟದಲ್ಲಿ ಭಾಗವಹಿಸಲಿಲ್ಲ. ರೆಕ್ಕೆಯಿಲ್ಲದ ಲೋಟಸ್‌ನಲ್ಲಿ ಗೆದ್ದವರು ಗ್ರಹಾಂ ಹಿಲ್.

ಸಂಪೂರ್ಣ ನಿಷೇಧ ಹೆಚ್ಚು ಕಾಲ ಬಾಳಲಿಲ್ಲ. ತಿರುವಿನಲ್ಲಿ ರೆಕ್ಕೆ ಕೊಡುವ ಲಾಭವನ್ನು ಒಮ್ಮೆ ಕಂಡವರು ಅದನ್ನು ಬಿಟ್ಟುಕೊಡಲು ಸಿದ್ಧರಿರಲಿಲ್ಲ. ಕೆಲವೇ ವಾರಗಳಲ್ಲಿ ರೆಕ್ಕೆಗಳು ಮರಳಿದವು, ಆದರೆ ಷರತ್ತುಗಳೊಂದಿಗೆ. ಎತ್ತರಕ್ಕೆ ಮಿತಿ ಬಂತು. ರೆಕ್ಕೆ ಕಾರಿನ ಒಡಲಿಗೇ ಭದ್ರವಾಗಿ ಜೋಡಣೆಯಾಗಬೇಕು, ಓಟದ ನಡುವೆ ಅಲುಗಾಡಬಾರದು ಎಂದಾಯಿತು. ಚಾಲಕನ ಕಾಲಿಗೆ ಸಿಕ್ಕಿದ್ದ ನಾಲ್ಕನೆಯ ಪೆಡಲ್ ಹೀಗೆ ಕೆಲವೇ ತಿಂಗಳಲ್ಲಿ ಇತಿಹಾಸ ಸೇರಿತು.

ರೆಕ್ಕೆ ಮಾತ್ರ ರಿಂಟ್ ಅವರ ಬೆನ್ನು ಬಿಡಲಿಲ್ಲ. ಅದೇ ಜುಲೈನಲ್ಲಿ ಸಿಲ್ವರ್‌ಸ್ಟೋನ್‌ನಲ್ಲಿ ಅವರು ಮತ್ತು ಜಾಕಿ ಸ್ಟೀವರ್ಟ್ ಮುನ್ನಡೆಗಾಗಿ ಅಪೂರ್ವ ಸೆಣಸಾಟ ನಡೆಸಿದ್ದರು. ಆಗ ರಿಂಟ್ ಅವರ ರೆಕ್ಕೆಯ ಪಕ್ಕದ ಫಲಕ ಸಡಿಲಗೊಂಡು ಟೈರಿಗೆ ತಾಗತೊಡಗಿತು. ಅದನ್ನು ಗಮನಿಸಿದ ಸ್ಟೀವರ್ಟ್ ಪಕ್ಕಕ್ಕೆ ಬಂದು ಸನ್ನೆಯಿಂದ ಎಚ್ಚರಿಸಿದರು. ರಿಪೇರಿಗೆ ನಿಂತ ರಿಂಟ್ ಕೊನೆಗೆ ನಾಲ್ಕನೆಯವರಾದರು. ಪ್ರತಿಸ್ಪರ್ಧಿಯ ಜೀವ ಗೆಲುವಿಗಿಂತ ದೊಡ್ಡದೆಂದು ತಿಳಿದಿದ್ದ ಸ್ನೇಹ ಅವರಿಬ್ಬರದು. ಅಂತೂ ಅಕ್ಟೋಬರ್ 5ರಂದು ಅಮೆರಿಕದ ವಾಟ್ಕಿನ್ಸ್ ಗ್ಲೆನ್‌ನಲ್ಲಿ ರಿಂಟ್ ಫಾರ್ಮುಲಾ ಒನ್‌ನ ಮೊದಲ ಗೆಲುವು ಪಡೆದರು. ಅದಕ್ಕಾಗಿ ಅವರು ಐದು ವರ್ಷಗಳಿಗೂ ಹೆಚ್ಚು ಕಾಲ ಕಾದಿದ್ದರು.

ಗೆಲುವಿನ ಬೇಸಿಗೆ, ಸಾವಿನ ನೆರಳು

1970ಕ್ಕೆ ಚಾಪ್‌ಮನ್ ತಂಡ ಹೊಸ ಕಾರು ಸಿದ್ಧಪಡಿಸಿತು. ಅದೇ ಲೋಟಸ್ 72. ಮುಂಭಾಗ ಬೆಣೆಯಂತೆ ಚೂಪು. ಅದುವರೆಗೆ ಮೂತಿಯಲ್ಲಿರುತ್ತಿದ್ದ ರೇಡಿಯೇಟರ್ ಎರಡಾಗಿ ಚಾಲಕನ ಅಕ್ಕಪಕ್ಕಕ್ಕೆ ಸರಿದಿತ್ತು. ಹಿಂದೆ ಮೂರು ಹಂತದ ರೆಕ್ಕೆ. ಗಾಳಿಯನ್ನು ಸೀಳುವ ಈ ಆಕಾರದಿಂದಾಗಿ ಅದೇ ಕಾಸ್‌ವರ್ತ್ ಎಂಜಿನ್ನಿನಲ್ಲಿ ಅದು ಹಳೆಯ ಕಾರಿಗಿಂತ ನೇರ ಹಾದಿಯಲ್ಲಿ ವೇಗವಾಗಿ ಓಡುತ್ತಿತ್ತು. ಚಕ್ರಗಳ ಬಳಿಯ ತೂಕ ತಗ್ಗಿಸಲು ಮುಂಬದಿಯ ಬ್ರೇಕುಗಳನ್ನೂ ಕಾರಿನ ಒಡಲೊಳಗೆ ಇರಿಸಲಾಗಿತ್ತು. ಬ್ರೇಕಿನ ಬಲ ಅಲ್ಲಿಂದ ಚಕ್ರಕ್ಕೆ ತಲುಪುತ್ತಿದ್ದದ್ದು ಒಂದು ಲೋಹದ ದಂಡದ ಮೂಲಕ. ಮುಂದೆ ಎಲ್ಲವೂ ನಿಂತದ್ದು ಈ ದಂಡದ ಮೇಲೆ.

ಆರಂಭದಲ್ಲಿ ಹೊಸ ಕಾರು ತೊಂದರೆ ಕೊಟ್ಟಿತು. ಹಾಗಾಗಿ ಮೊನಾಕೊದಲ್ಲಿ ರಿಂಟ್ ಹಳೆಯ 49 ಕಾರನ್ನೇ ಓಡಿಸಿದರು. ಕೊನೆಯ ಸುತ್ತುಗಳಲ್ಲಿ ಮುಂದಿದ್ದ ಜಾಕ್ ಬ್ರಾಬಮ್ ಅವರನ್ನು ಬೆನ್ನಟ್ಟಿದ ಪರಿ ಇಂದಿಗೂ ದಂತಕಥೆ. ಕಟ್ಟಕಡೆಯ ತಿರುವಿನಲ್ಲಿ ಬ್ರಾಬಮ್ ಜಾರಿ ತಡೆಗೆ ಬಡಿದರು, ರಿಂಟ್ ಗೆದ್ದರು. ತಿದ್ದುಪಡಿಯಾದ 72 ಕಾರು ಕೈಗೆ ಬಂದ ಮೇಲೆ ಹಾಲೆಂಡ್, ಫ್ರಾನ್ಸ್, ಬ್ರಿಟನ್, ಜರ್ಮನಿಗಳಲ್ಲಿ ಸತತ ನಾಲ್ಕು ಗೆಲುವು ದಕ್ಕಿದವು. ಬ್ರಿಟನ್ನಿನ ಬ್ರ್ಯಾಂಡ್ಸ್ ಹ್ಯಾಚ್‌ನಲ್ಲಿ ಮತ್ತೆ ರೆಕ್ಕೆಯದೇ ತಕರಾರು. ಓಟದ ಬಳಿಕ ಅಳತೆ ಮಾಡಿದ ಅಧಿಕಾರಿಗಳು ರೆಕ್ಕೆ ಮಿತಿಗಿಂತ ಎತ್ತರವಿದೆಯೆಂದು ಗೆಲುವನ್ನು ರದ್ದುಗೊಳಿಸಿದರು. ಕೆಲವು ತಾಸುಗಳ ಮರುಪರಿಶೀಲನೆಯ ನಂತರ ಅದನ್ನು ಮರಳಿಸಿದರು.

ಆದರೆ ಆ ಬೇಸಿಗೆ ಸಂಭ್ರಮದ್ದಾಗಿರಲಿಲ್ಲ. ಜೂನ್ 2ರಂದು ಗುಡ್‌ವುಡ್‌ನಲ್ಲಿ ಕಾರು ಪರೀಕ್ಷೆ ನಡೆಸುತ್ತಿದ್ದ ಬ್ರೂಸ್ ಮೆಕ್ಲಾರೆನ್, ಕಾರಿನ ಹಿಂಬದಿಯ ಹೊದಿಕೆ ಕಿತ್ತುಹೋಗಿ ಸಂಭವಿಸಿದ ಅಪಘಾತದಲ್ಲಿ ಮಡಿದರು. ಅದೇ ತಿಂಗಳ 21ರಂದು ಹಾಲೆಂಡಿನ ಓಟದಲ್ಲಿ ಆಪ್ತ ಗೆಳೆಯ ಪಿಯರ್ಸ್ ಕರೇಜ್ ಬೆಂಕಿಗೆ ಬಲಿಯಾದರು. ಆ ಓಟ ಗೆದ್ದ ರಿಂಟ್ ವೇದಿಕೆಯ ಮೇಲೆ ನಗಲಿಲ್ಲ. ಚಾಂಪಿಯನ್ ಪಟ್ಟ ದೊರೆತ ಬಳಿಕ ನಿವೃತ್ತಿಯಾಗುವ ಯೋಚನೆಯೂ ಅವರ ಮನಸ್ಸಿನಲ್ಲಿ ಸುಳಿದಿತ್ತೆಂದು ಆಪ್ತರು ಮುಂದೆ ಹೇಳಿದ್ದಾರೆ. ಆಗಸ್ಟ್ ಮುಗಿಯುವ ವೇಳೆಗೆ ಅವರ ಖಾತೆಯಲ್ಲಿ 45 ಅಂಕಗಳಿದ್ದವು. ಎರಡನೇ ಸ್ಥಾನದಲ್ಲಿದ್ದ ಬ್ರಾಬಮ್ ಅವರದು 25 ಅಂಕ. ಪಟ್ಟ ಕೈಯಳತೆಯಲ್ಲಿತ್ತು.

ಮೊನ್ಜಾ: ರೆಕ್ಕೆ ಕಳಚಿದ ದಿನ

ಮೊನ್ಜಾ ಆ ಕಾಲದಲ್ಲಿ ಕೆಲವೇ ತಿರುವುಗಳಿದ್ದ, ಉದ್ದನೆಯ ನೇರ ಹಾದಿಗಳ ಪಥ. ಅಲ್ಲಿ ಹಿಡಿತಕ್ಕಿಂತ ಗರಿಷ್ಠ ವೇಗವೇ ಮುಖ್ಯ. ಹಿಂದಿನ ವರ್ಷ, 1969ರಲ್ಲಿ, ಇದೇ ಪಥದಲ್ಲಿ ಸ್ಟೀವರ್ಟ್ ಅವರಿಗೆ ರಿಂಟ್ ಸೋತದ್ದು ಕೇವಲ 0.08 ಸೆಕೆಂಡಿನ ಅಂತರದಿಂದ. ಈ ಬಾರಿ ಹನ್ನೆರಡು ಸಿಲಿಂಡರಿನ ಫೆರಾರಿ ಎಂಜಿನ್ನುಗಳು ಲೋಟಸ್‌ನ ಎಂಟು ಸಿಲಿಂಡರಿನ ಎಂಜಿನ್ನಿಗಿಂತ ಹೆಚ್ಚು ಬಲ ಹೊಂದಿದ್ದವು. ಎಂಜಿನ್ನಿನಲ್ಲಿ ಇಲ್ಲದ ಬಲವನ್ನು ಗಾಳಿಯಿಂದ ಉಳಿಸಿಕೊಳ್ಳುವ ದಾರಿ ಒಂದೇ. ಲೋಟಸ್ 72ರ ರೆಕ್ಕೆಗಳನ್ನು ಬಿಚ್ಚಲಾಯಿತು.

ಶುಕ್ರವಾರದ ಅಭ್ಯಾಸದಲ್ಲಿ ಸಹ ಚಾಲಕ ಜಾನ್ ಮೈಲ್ಸ್ ರೆಕ್ಕೆಯಿಲ್ಲದ ಕಾರು ನೆಟ್ಟಗೆ ಓಡುತ್ತಿಲ್ಲವೆಂದು ದೂರಿದರು. ಕಾರಿನ ಆಕಾರವನ್ನೆಲ್ಲ ರೆಕ್ಕೆ ಇದ್ದೇ ಇರುತ್ತದೆಂಬ ಲೆಕ್ಕದಲ್ಲಿ ರೂಪಿಸಿದ್ದರಿಂದ, ಅದನ್ನು ತೆಗೆದಾಗ ಹಿಂಬದಿ ಹಗುರಾಗುವುದು ಸಹಜವೇ ಆಗಿತ್ತು. ರಿಂಟ್ ಅವರಿಗೆ ಅಂಥ ಅಳುಕು ಇರಲಿಲ್ಲ. ನೇರ ಹಾದಿಯಲ್ಲಿ ಎಂಜಿನ್ನಿನ ತಿರುಗುವಿಕೆ ನಿಮಿಷಕ್ಕೆ 800 ಸುತ್ತುಗಳಷ್ಟು ಹೆಚ್ಚಿತ್ತು. ಶನಿವಾರ ಅದಕ್ಕೆ ತಕ್ಕಂತೆ ಗೇರುಗಳನ್ನೂ ಬದಲಿಸಲಾಯಿತು. ಗಂಟೆಗೆ ಸುಮಾರು 330 ಕಿ.ಮೀ. ವೇಗ ಸಾಧ್ಯವಾಗುವಂತೆ ಕಾರು ಸಜ್ಜಾಯಿತು.

ಅಂದಿನ ಐದನೆಯ ಸುತ್ತು. ಪ್ಯಾರಾಬೋಲಿಕಾ ತಿರುವಿಗೆ ಮುನ್ನ ಬ್ರೇಕ್ ಒತ್ತಿದಾಗ ಕಾರು ಅತ್ತಿತ್ತ ಹೊಯ್ದಾಡಿ ಥಟ್ಟನೆ ಎಡಕ್ಕೆ ತಿರುಗಿ ಲೋಹದ ತಡೆಬೇಲಿಗೆ ನುಗ್ಗಿದ್ದನ್ನು ಹಿಂದೆ ಬರುತ್ತಿದ್ದ ಡೆನ್ನಿ ಹ್ಯೂಮ್ ಕಂಡರು. ಬೇಲಿಯ ಜೋಡಣೆ ಬಿಟ್ಟುಕೊಂಡು ಕಾರಿನ ಮುಂಭಾಗ ಅದರಡಿ ಸಿಲುಕಿ ಛಿದ್ರವಾಯಿತು. ಬೆಂಕಿ ಬಿದ್ದಾಗ ಬೇಗ ಹೊರಬರಲು ಅಡ್ಡಿಯಾಗುತ್ತದೆಂದು ರಿಂಟ್ ಸುರಕ್ಷಾ ಪಟ್ಟಿಯ ಕಾಲ ನಡುವಿನ ಭಾಗವನ್ನು ಕಟ್ಟಿಕೊಳ್ಳುತ್ತಿರಲಿಲ್ಲ. ಹೊಡೆತದ ರಭಸಕ್ಕೆ ಅವರ ದೇಹ ಆಸನದಲ್ಲಿ ಕೆಳಕ್ಕೆ ಜಾರಿತು, ಪಟ್ಟಿಯೇ ಕೊರಳಿಗೆ ಮುಳುವಾಯಿತು. ಮಿಲಾನಿನ ಆಸ್ಪತ್ರೆಗೆ ಸಾಗಿಸುವ ದಾರಿಯಲ್ಲಿ ಪ್ರಾಣಪಕ್ಷಿ ಹಾರಿಹೋಯಿತು.

ಇಟಲಿಯ ತನಿಖೆಯಲ್ಲಿ ಎರಡು ಅಂಶಗಳು ಹೊರಬಿದ್ದವು. ಅಪಘಾತ ಆರಂಭವಾದದ್ದು ಬಲ ಮುಂಬದಿಯ ಬ್ರೇಕ್ ದಂಡ ಮುರಿದದ್ದರಿಂದ. ಸಾವು ಸಂಭವಿಸಿದ್ದು ತಡೆಬೇಲಿಯನ್ನು ಸರಿಯಾಗಿ ಅಳವಡಿಸದೆ ಇದ್ದದ್ದರಿಂದ. ಹೀಗಾಗಿ ರೆಕ್ಕೆ ತೆಗೆದದ್ದೇ ಸಾವಿಗೆ ಕಾರಣವೆಂದು ಹೇಳಲಾಗದು. ಆದರೆ ಗಾಳಿಯ ತಡೆ ಕಡಿಮೆಯಾದ ಕಾರು ಹೆಚ್ಚಿನ ವೇಗದಲ್ಲಿ ತಿರುವಿನ ಬಾಯಿಗೆ ಬಂದಿತ್ತು. ವೇಗವನ್ನು ಇಳಿಸುವ ಹೊರೆಯೆಲ್ಲ ಬ್ರೇಕಿನ ಮೇಲೆ ಬಿದ್ದಿತ್ತು. ದಂಡ ಮುರಿದಾಗ ಹಿಂಬದಿಯನ್ನು ನೆಲಕ್ಕೊತ್ತಿ ಕಾರನ್ನು ನೆಟ್ಟಗಿಡಲು ರೆಕ್ಕೆಯಿರಲಿಲ್ಲ. ಬಾರ್ಸಿಲೋನಾದಲ್ಲಿ ಮುರಿದದ್ದು ರೆಕ್ಕೆಯ ಕಂಬ, ಮೊನ್ಜಾದಲ್ಲಿ ಮುರಿದದ್ದು ಬ್ರೇಕಿನ ದಂಡ. ಎರಡೂ ಕಡೆ ವೇಗದ ಆಸೆ ಲೋಹದ ಬಲವನ್ನು ಮೀರಿ ಮುಂದೆ ಹೋಗಿತ್ತು. ರಿಂಟ್ 1969ರಲ್ಲಿ ಪತ್ರ ಬರೆದು ಎಚ್ಚರಿಸಿದ್ದೂ ಮೂಲತಃ ಇದನ್ನೇ.

ಇಲ್ಲದವರಿಗೆ ಒಲಿದ ಪಟ್ಟ

ರಿಂಟ್ ಅವರ ಅಂತ್ಯಕ್ರಿಯೆ ಬೆಳೆದ ಊರಾದ ಗ್ರಾಜ್‌ನಲ್ಲಿ ನಡೆಯಿತು. ಇನ್ನು ಮೂರು ಓಟಗಳು ಉಳಿದಿದ್ದವು. 19 ಅಂಕ ಗಳಿಸಿದ್ದ ಫೆರಾರಿಯ ಜಾಕಿ ಇಕ್ಸ್ ಆ ಮೂರನ್ನೂ ಗೆದ್ದಿದ್ದರೆ 46 ಅಂಕಗಳೊಂದಿಗೆ ಚಾಂಪಿಯನ್ ಆಗುತ್ತಿದ್ದರು. ಕೆನಡಾದಲ್ಲಿ ಇಕ್ಸ್ ಗೆದ್ದರು. ಆದರೆ ಅಕ್ಟೋಬರ್ 4ರಂದು ವಾಟ್ಕಿನ್ಸ್ ಗ್ಲೆನ್‌ನಲ್ಲಿ ಲೋಟಸ್ ತಂಡದ 23ರ ಹರೆಯದ ಎಮರ್ಸನ್ ಫಿಟಿಪಾಲ್ಡಿ ತಮ್ಮ ಮೊದಲ ಗೆಲುವು ಸಾಧಿಸಿದಾಗ, ನಾಲ್ಕನೆಯವರಾದ ಇಕ್ಸ್ ಅವರ ಅವಕಾಶ ಮುಗಿಯಿತು. ರಿಂಟ್ ವಿಶ್ವ ಚಾಂಪಿಯನ್ ಆದರು. ಅಗಲಿದವರ ಪಟ್ಟವನ್ನು ಕಸಿಯುವ ಸಂದರ್ಭ ಬಾರದ ಬಗ್ಗೆ ಇಕ್ಸ್ ಮುಂದೆ ಸಮಾಧಾನವನ್ನೇ ವ್ಯಕ್ತಪಡಿಸಿದ್ದಾರೆ. ನವೆಂಬರ್ 18ರಂದು ಪ್ಯಾರಿಸ್ಸಿನಲ್ಲಿ ಗೆಳೆಯ ಸ್ಟೀವರ್ಟ್ ಅವರ ಕೈಯಿಂದ ಚಾಂಪಿಯನ್‌ಷಿಪ್ ಟ್ರೋಫಿಯನ್ನು ಸ್ವೀಕರಿಸಿದವರು ನೀನಾ.

ರಿಂಟ್ ಅವರ ಗೆಲುವುಗಳು ಆರೇ. ಆದರೆ ಆಸ್ಟ್ರಿಯಾದಂಥ ಪುಟ್ಟ ದೇಶದಲ್ಲಿ ಕಾರು ಓಟವನ್ನು ಜನಪ್ರಿಯಗೊಳಿಸಿದವರು ಅವರೇ. ವಿಯೆನ್ನಾದಲ್ಲಿ 1965ರಿಂದ ಅವರು ನಡೆಸಿದ ರೇಸ್ ಕಾರು ಪ್ರದರ್ಶನ, ಅವರ ದೂರದರ್ಶನ ಕಾರ್ಯಕ್ರಮ ಮನೆಮನೆಗೂ ಈ ಕ್ರೀಡೆಯನ್ನು ತಲುಪಿಸಿದವು. ನಿಕಿ ಲೌಡಾ ಮೂರು ಬಾರಿ ವಿಶ್ವ ಚಾಂಪಿಯನ್ ಆಗುವ ಮೊದಲೇ ಆ ದಾರಿ ತೆರೆದವರು ರಿಂಟ್. ಸ್ಪೀಲ್‌ಬರ್ಗ್‌ನ ಪಥದ ತಿರುವೊಂದು ಅವರ ಹೆಸರನ್ನು ಹೊತ್ತಿದೆ.

ಚಲಿಸುವ ರೆಕ್ಕೆ ಮತ್ತೆ ಬರಲು ದಶಕಗಳೇ ಬೇಕಾದವು. 2009ರಲ್ಲಿ ಮುಂಬದಿ ರೆಕ್ಕೆಯ ಫಲಕವನ್ನು ಒಂದು ಸುತ್ತಿನಲ್ಲಿ ಎರಡು ಬಾರಿ ತುಸು ಬದಲಿಸಲು ಚಾಲಕರಿಗೆ ಅನುಮತಿ ದೊರೆಯಿತು. 2011ರಲ್ಲಿ ಡಿಆರ್‌ಎಸ್ ಎಂಬ ವ್ಯವಸ್ಥೆ ಜಾರಿಗೆ ಬಂತು. ಎದುರಿನ ಕಾರಿಗಿಂತ ಒಂದು ಸೆಕೆಂಡಿನೊಳಗೆ ಹಿಂದಿರುವ ಚಾಲಕ, ಗೊತ್ತುಪಡಿಸಿದ ನೇರ ಹಾದಿಯಲ್ಲಿ ಗುಂಡಿ ಒತ್ತಿದರೆ ಹಿಂಬದಿ ರೆಕ್ಕೆಯ ಮೇಲಿನ ಫಲಕ ತೆರೆದುಕೊಂಡು ಗಾಳಿಯ ತಡೆ ತಗ್ಗುತ್ತಿತ್ತು, ವೇಗ ಸುಮಾರು 10ರಿಂದ 15 ಕಿ.ಮೀ. ಏರುತ್ತಿತ್ತು. ಅದೇ ವರ್ಷ ಗ್ರೇಟರ್ ನೋಯ್ಡಾದಲ್ಲಿ ನಡೆದ ಮೊದಲ ಭಾರತ ಗ್ರ್ಯಾನ್ ಪ್ರಿಯಲ್ಲಿ ನಮ್ಮ ಪ್ರೇಕ್ಷಕರೂ ಅದನ್ನು ಕಣ್ಣಾರೆ ಕಂಡರು. 2025ರ ಋತುವಿನೊಂದಿಗೆ ಆ ಪದ್ಧತಿ ಮುಗಿಯಿತು. 2026ರ ನಿಯಮಗಳು ಮುಂದಿನ ಮತ್ತು ಹಿಂದಿನ ರೆಕ್ಕೆಗಳೆರಡೂ ನೇರ ಹಾದಿಯಲ್ಲಿ ಚಪ್ಪಟೆಯಾಗುವುದಕ್ಕೆ, ತಿರುವಿನಲ್ಲಿ ಮತ್ತೆ ಓರೆಯಾಗುವುದಕ್ಕೆ ಅವಕಾಶ ಕೊಟ್ಟಿವೆ. 1968ರಲ್ಲಿ ನಾಲ್ಕನೆಯ ಪೆಡಲ್ ಮಾಡಲು ಹೊರಟಿದ್ದ ಕೆಲಸವೇ ಇದು.

ಆದರೆ ಒಂದು ವ್ಯತ್ಯಾಸವಿದೆ. ಡಿಆರ್‌ಎಸ್‌ಗೆ ಅನುಮತಿ ಕೊಟ್ಟಾಗ ನಿಯಮ ರೂಪಿಸಿದವರು, ಬ್ರೇಕ್ ಒತ್ತಿದಾಗ ಫಲಕ ಮುಚ್ಚಿಕೊಳ್ಳಬೇಕು, ಯಂತ್ರ ಕೆಟ್ಟರೂ ಅದು ತಾನಾಗಿಯೇ ಹಿಡಿತ ಕೊಡುವ ಸ್ಥಿತಿಗೆ ಮರಳುವಂತೆ ವಿನ್ಯಾಸವಿರಬೇಕು ಎಂದು ವಿಧಿಸಿದರು. ಮುರಿದಾಗ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಅವರು ಮೊದಲೇ ಕೇಳಿಕೊಂಡಿದ್ದರು. 1969ರ ಮೇ ತಿಂಗಳಲ್ಲಿ ಮುಖಕ್ಕೆ ಪಟ್ಟಿ ಕಟ್ಟಿಸಿಕೊಂಡು ಪತ್ರ ಬರೆದ ಚಾಲಕ ಕೇಳಿದ್ದೂ ಅದೇ ಪ್ರಶ್ನೆಯನ್ನು.